ಗಾಬ್ಲಿನ್ ಶಾರ್ಕ್ ಮತ್ತು ಅದರ ಅಳಿದುಹೋದ ನೆಂಟರು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೀನಿನ ಒಂದು ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಚೂಪು ಮೂತಿ, ಅದರ ಕೆಳಗೆ ಮುಖದಿಂದ ಕಿತ್ತು ಬಂದಂತೆ ಮುಂದಕ್ಕೆ ಚಾಚಿದ ದವಡೆ, ಅಡ್ಡಾದಿಡ್ಡಿ ಹಲ್ಲು. ನೋಡಿದವರು ಹೆದರುತ್ತಾರೆ, ಇಲ್ಲವೇ ಅಸಹ್ಯಪಟ್ಟುಕೊಳ್ಳುತ್ತಾರೆ. ಆದರೆ ಆ ಚಿತ್ರದಲ್ಲಿರುವುದು ಹೆಚ್ಚಾಗಿ ಸತ್ತ ಮೀನು. ನೀರಿನಿಂದ ಮೇಲೆ ಬಂದು, ಸ್ನಾಯುಗಳ ಹಿಡಿತ ತಪ್ಪಿ, ದವಡೆ ಜೋತುಬಿದ್ದ ಹೆಣ. ಬದುಕಿರುವಾಗ ಇದು ಹಾಗಿರುವುದಿಲ್ಲ. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಗಾಬ್ಲಿನ್ ಶಾರ್ಕ್ ಎಂದರೆ ಯಾವ ಮೀನು?

ಆಳ ಸಮುದ್ರದ ಒಂದು ಶಾರ್ಕ್. ವೈಜ್ಞಾನಿಕ ಹೆಸರು ಮಿತ್ಸುಕುರಿನಾ ಔಸ್ಟೋನಿ. ಗ್ರೇಟ್ ವೈಟ್, ಮಾಕೋ, ಥ್ರೆಶರ್, ಬಾಸ್ಕಿಂಗ್ ಶಾರ್ಕ್‌ಗಳೆಲ್ಲ ಸೇರುವ ಲ್ಯಾಮ್ನಿಫಾರ್ಮ್ ಗಣಕ್ಕೇ ಇದೂ ಸೇರಿದೆ. ಆದರೆ ಆ ಗಣದ ವಂಶವೃಕ್ಷದಲ್ಲಿ ಬುಡದ ಹತ್ತಿರವೇ ಕವಲೊಡೆದ ಕೊಂಬೆ ಇದರದು. ಮಿತ್ಸುಕುರಿನಿಡೆ ಎಂಬ ಕುಟುಂಬದಲ್ಲಿ ಇಂದು ಉಳಿದಿರುವುದು ಈ ಒಂದೇ ಪ್ರಭೇದ. ಉಳಿದ ಬಂಧುಗಳನ್ನೆಲ್ಲ ಕಲ್ಲಿನಲ್ಲೇ ಹುಡುಕಬೇಕು.

ಅಷ್ಟು ಕೆಟ್ಟ ಹೆಸರು ಯಾಕೆ ಬಂತು?

ಜಪಾನಿನ ಮೀನುಗಾರರು ಇದನ್ನು ಕರೆಯುತ್ತಿದ್ದದ್ದು ತೆಂಗುಝಮೆ ಎಂದು. ಝಮೆ ಅಂದರೆ ಶಾರ್ಕ್. ತೆಂಗು ಅಂದರೆ ಅಲ್ಲಿನ ಜನಪದ ನಂಬಿಕೆಯ ಉದ್ದ ಮೂಗಿನ, ಕೆಂಪು ಮುಖದ ಬೆಟ್ಟದ ಜೀವಿ. ತೆಂಗು ಬರೀ ಕಾಟ ಕೊಡುವ ಪಿಶಾಚಿಯಲ್ಲ, ಕಾಡು ಬೆಟ್ಟಗಳನ್ನು ಕಾಯುವ ಶಕ್ತಿ ಎಂದೂ ಅದನ್ನು ಪೂಜಿಸುತ್ತಾರೆ. ಇಂಗ್ಲಿಷಿಗೆ ಹೋಗುವಾಗ ಅದು ಗಾಬ್ಲಿನ್ ಆಯಿತು. ಮೂಗಿನ ಹೋಲಿಕೆಯೂ ಹೋಯಿತು, ಗೌರವವೂ ಹೋಯಿತು, ಉಳಿದದ್ದು ವಿಕಾರ ಮಾತ್ರ. ನನಗೆ ಜಪಾನಿ ಹೆಸರೇ ಇಷ್ಟ.

ವೈಜ್ಞಾನಿಕ ಹೆಸರಿನ ಕಥೆ ಬೇರೆ. ಯೊಕೊಹಾಮಾ ಬಳಿಯ ಸಗಾಮಿ ಕೊಲ್ಲಿಯಲ್ಲಿ 107 ಸೆಂ.ಮೀ. ಉದ್ದದ ಒಂದು ಎಳೆಯ ಗಂಡು ಸಿಕ್ಕಿತು. ಪ್ರಾಣಿಗಳ ಮಾದರಿಗಳನ್ನು ಸಂಗ್ರಹಿಸುತ್ತಿದ್ದ ಅಲನ್ ಔಸ್ಟನ್ ಎಂಬ ಆಂಗ್ಲ ವ್ಯಾಪಾರಿ ಅದನ್ನು ಟೋಕಿಯೋ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಕಾಕಿಚಿ ಮಿತ್ಸುಕುರಿ ಅವರಿಗೆ ಕೊಟ್ಟ. ಅವರ ಮೂಲಕ ಅದು ಅಮೆರಿಕದ ಮತ್ಸ್ಯತಜ್ಞ ಡೇವಿಡ್ ಸ್ಟಾರ್ ಜೋರ್ಡನ್ ಕೈ ಸೇರಿತು. 1898ರಲ್ಲಿ ಜೋರ್ಡನ್ ಇದನ್ನು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಟುಂಬವೇ ಎಂದು ಬಣ್ಣಿಸಿ, ಕೊಟ್ಟವರಿಬ್ಬರ ಹೆಸರನ್ನೂ ಮೀನಿಗೆ ಅಂಟಿಸಿದರು.

ಬಾಯಿ ಯಾವಾಗಲೂ ಹಾಗೇ ಹೊರಗೆ ಚಾಚಿರುತ್ತದೆಯೇ?

ಇಲ್ಲ. ಇದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ಈಜುತ್ತಿರುವ ಗಾಬ್ಲಿನ್ ಶಾರ್ಕ್‌ನ ದವಡೆಗಳು ಕಣ್ಣಿನ ಕೆಳಗೆ ಅಚ್ಚುಕಟ್ಟಾಗಿ ಮಡಚಿಕೊಂಡಿರುತ್ತವೆ. ಆಗ ಅದು ಮೂತಿ ಉದ್ದವಿರುವ, ಸ್ವಲ್ಪ ಸೋತ ಮುಖದ ಸಾಧಾರಣ ಮೀನು.

ಬೇಟೆ ಹತ್ತಿರ ಬಂದಾಗ ಕಥೆ ಬದಲಾಗುತ್ತದೆ. ದವಡೆಯ ಕೀಲಿಗೆ ಸೇರಿದ ಎರಡು ಜೊತೆ ಅಸ್ಥಿಬಂಧಗಳು ಎಳೆದು ಕಟ್ಟಿದ ರಬ್ಬರಿನಂತೆ ಬಿಗಿಯಾಗಿರುತ್ತವೆ. ಕಚ್ಚುವ ಗಳಿಗೆಯಲ್ಲಿ ಆ ಬಿಗಿ ಸಡಿಲಾಗಿ ದವಡೆ ಮುಂದಕ್ಕೆ ಸಿಡಿಯುತ್ತದೆ. ಮಕ್ಕಳು ಮಾವಿನಕಾಯಿಗೆ ಗುರಿಯಿಟ್ಟ ಕವಣೆಯಿಂದ ಕಲ್ಲು ಹಾರಿದಂತೆ. ಅದೇ ಹೊತ್ತಿಗೆ ನಾಲಿಗೆಯ ಬುಡದ ಮೃದ್ವಸ್ಥಿ ಕೆಳಕ್ಕೆ ಕುಸಿದು ಬಾಯಿಯೊಳಗೆ ಜಾಗವಾಗುತ್ತದೆ, ನೀರಿನ ಜೊತೆ ಬೇಟೆಯೂ ಒಳಗೆ ಸೆಳೆಯಲ್ಪಡುತ್ತದೆ.

ಇದೆಲ್ಲ ಬಹಳ ಕಾಲ ಹೆಣಗಳನ್ನು ಕೊಯ್ದು ಮಾಡಿದ ಊಹೆಯಾಗಿತ್ತು. 2008 ಮತ್ತು 2011ರಲ್ಲಿ ಜಪಾನಿನ ಎನ್‌ಎಚ್‌ಕೆ ಟಿವಿ ತಂಡ ಬಲೆಗೆ ಸಿಕ್ಕ ಎಳೆಯ ಶಾರ್ಕ್‌ಗಳನ್ನು ನೀರಿನಲ್ಲೇ ಚಿತ್ರೀಕರಿಸಿತು. ಹೊಕ್ಕೈಡೋ ವಿಶ್ವವಿದ್ಯಾಲಯದ ಕಾಜುಹಿರೊ ನಕಾಯಾ ಮತ್ತು ಸಂಗಡಿಗರು ಆ ದೃಶ್ಯದಲ್ಲಿದ್ದ ಐದು ಕಡಿತಗಳನ್ನು ಫ್ರೇಮ್ ಫ್ರೇಮಾಗಿ ಅಳೆದು 2016ರಲ್ಲಿ ಪ್ರಕಟಿಸಿದರು. ದವಡೆ ಸಿಡಿಯುವ ವೇಗ ಸೆಕೆಂಡಿಗೆ ಗರಿಷ್ಠ 3.1 ಮೀಟರ್. ಅದು ಚಾಚುವ ದೂರ ದೇಹದ ಉದ್ದದ ಶೇ. 8.6ರಿಂದ 9.4. ಮೂರು ಮೀಟರ್ ಉದ್ದದ ಶಾರ್ಕ್‌ಗೆ ಲೆಕ್ಕ ಹಾಕಿದರೆ ಒಂದು ಸ್ಕೇಲಿಗೆ ಸ್ವಲ್ಪ ಕಡಿಮೆ. ಅಳೆದು ನೋಡಿದ ಬೇರೆ ಯಾವ ಶಾರ್ಕೂ ಇಷ್ಟು ದೂರ, ಇಷ್ಟು ಬೇಗ ದವಡೆ ಚಾಚಿದ್ದಿಲ್ಲ. ಇನ್ನೂ ಒಂದು ವಿಶೇಷ: ದವಡೆಯನ್ನು ಒಳಕ್ಕೆ ಎಳೆದುಕೊಳ್ಳುವಾಗ ಇದು ಬಾಯಿಯನ್ನು ಮತ್ತೊಮ್ಮೆ ತೆರೆದು ಮುಚ್ಚುತ್ತದೆ. ಯಾಕೆಂದು ಇನ್ನೂ ಯಾರೂ ಖಚಿತವಾಗಿ ವಿವರಿಸಿಲ್ಲ.

ಇಂಥ ಯಂತ್ರ ಅದಕ್ಕೇಕೆ ಬೇಕಿತ್ತು?

ಓಡಲಾರದ ಬೇಟೆಗಾರನಿಗೆ ಕವಣೆ ಬೇಕೇ ಬೇಕು. ಗಾಬ್ಲಿನ್ ಶಾರ್ಕ್‌ನ ಮೈ ಸಡಿಲ, ಸ್ನಾಯು ಮೆತ್ತಗೆ, ರೆಕ್ಕೆಗಳು ಚಿಕ್ಕವು. ಬಾಲ ಉದ್ದವಾಗಿ ಹಿಂದಕ್ಕೆ ಚಾಚಿರುತ್ತದೆ, ಅದಕ್ಕೆ ಕೆಳ ಹಾಳೆಯೇ ಇಲ್ಲ. ಮಾಕೋದ ಅರ್ಧಚಂದ್ರ ಬಾಲದ ಪಕ್ಕದಲ್ಲಿಟ್ಟು ನೋಡಿದರೆ ಯಾರು ಓಟಗಾರ ಎಂದು ಮಗುವೂ ಹೇಳುತ್ತದೆ. ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗ ಮೈಯನ್ನು ಮುಳುಗದಂತೆ ತೇಲಿಸುತ್ತದೆ. ಹಾಗಾಗಿ ಸದ್ದಿಲ್ಲದೆ ತೇಲುತ್ತ ಬೇಟೆಯ ಬಳಿ ಬಂದು, ಕೊನೆಯ ಗೇಣನ್ನು ದವಡೆಯಿಂದ ದಾಟುವುದು ಇದರ ದಾರಿ. ಆಹಾರ ವಿರಳವಾದ ಆಳದಲ್ಲಿ ಹೀಗೆ ಶಕ್ತಿ ಉಳಿಸುವುದು ಜಾಣತನವೇ. ತಿನ್ನುವುದು ಬೊಂಡಾಸ್ (ಸ್ಕ್ವಿಡ್), ಇಲಿಬಾಲದ ಮೀನು, ಸಿಗಡಿ ಜಾತಿಯ ಜೀವಿಗಳನ್ನು.

ಆ ಉದ್ದ ಮೂತಿ ಚುಚ್ಚಲಿಕ್ಕೋ?

ಅಲ್ಲ. ಮೂತಿ ಮೆತ್ತಗಿದೆ, ಚುಚ್ಚಲು ಹೋದರೆ ಅದೇ ಬಾಗುತ್ತದೆ. ಅದರ ತುಂಬ ಲೊರೆಂಜಿನಿ ಕುಳಿಗಳು ಎಂಬ ಸೂಕ್ಷ್ಮ ರಂಧ್ರಗಳಿವೆ. ಪ್ರತಿ ಜೀವಿಯ ಸ್ನಾಯು ಮಿಡಿದಾಗಲೂ ಹೊರಡುವ ಸಣ್ಣ ವಿದ್ಯುತ್ತನ್ನು ಅವು ಗ್ರಹಿಸುತ್ತವೆ. ಕತ್ತಲಲ್ಲಿ ಕೋಲು ಆಡಿಸುತ್ತ ದಾರಿ ಹುಡುಕುವ ಹಾಗೆ ಇದು ಮೂತಿ ಆಡಿಸುತ್ತ ಊಟ ಹುಡುಕುತ್ತದೆ. ಹಾಗೆಂದು ಕಣ್ಣು ಕುರುಡಲ್ಲ. ಚಿಕ್ಕದಾದರೂ ಪಾಪೆ ಹಿಗ್ಗಿ ಕುಗ್ಗುತ್ತದೆ.

ಗುಲಾಬಿ ಬಣ್ಣ ನಿಜವೇ?

ನಿಜ, ಆದರೆ ಅದು ಚರ್ಮದ ಬಣ್ಣವಲ್ಲ. ಚರ್ಮ ಬಹುಪಾಲು ಪಾರದರ್ಶಕ, ಅದರಡಿಯ ರಕ್ತನಾಳಗಳು ಹೊರಗೆ ಕಾಣುತ್ತವೆ. ಸತ್ತ ಮೇಲೆ ಬಣ್ಣ ಮಾಸಿ ಕಂದು ಬೂದಿಯಾಗುತ್ತದೆ. ಮ್ಯೂಸಿಯಮ್ ಜಾಡಿಗಳಲ್ಲಿ ಕಾಣುವುದು ಆ ಬೂದಿ ಬಣ್ಣವೇ.

ಎಷ್ಟು ದೊಡ್ಡದಾಗುತ್ತದೆ? ಎಲ್ಲೆಲ್ಲಿ ಸಿಕ್ಕಿದೆ?

ಸಾಮಾನ್ಯವಾಗಿ 3ರಿಂದ 4 ಮೀಟರ್. ಆದರೆ 2000ನೇ ಇಸವಿಯಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಸಿಕ್ಕ ಹೆಣ್ಣೊಂದರ ಉದ್ದವನ್ನು 5.4ರಿಂದ 6.2 ಮೀಟರ್ ಎಂದು ಅಂದಾಜಿಸಿದಾಗ ಎಲ್ಲ ಲೆಕ್ಕ ತಲೆಕೆಳಗಾಯಿತು. 2014ರಲ್ಲಿ ಅದೇ ಕೊಲ್ಲಿಯಲ್ಲಿ, ಫ್ಲೋರಿಡಾದ ಕೀ ವೆಸ್ಟ್ ಬಳಿ, ಸಿಗಡಿ ಬಲೆಗೆ ಇನ್ನೊಂದು ದೊಡ್ಡದು ಬಿತ್ತು. ಮೀನುಗಾರ ಫೋಟೋ ತೆಗೆದು ಅದನ್ನು ಜೀವಂತ ಕಡಲಿಗೆ ಬಿಟ್ಟ. ಆ ಸುದ್ದಿ ಓದಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಜಪಾನ್, ತೈವಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಪೋರ್ಚುಗಲ್, ಬ್ರೆಜಿಲ್, ಕ್ಯಾಲಿಫೋರ್ನಿಯಾ ಹೀಗೆ ಮೂರೂ ಮಹಾಸಾಗರಗಳಲ್ಲಿ ದಾಖಲೆಯಿದೆ. ಹೆಚ್ಚಾಗಿ ಸಿಗುವುದು 270ರಿಂದ 960 ಮೀಟರ್ ಆಳದಲ್ಲಿ. ಒಮ್ಮೆ ಸಮುದ್ರದಡಿಯ ಕೇಬಲ್ ಒಂದರಲ್ಲಿ, 1,370 ಮೀಟರ್ ಆಳದಲ್ಲಿ, ಇದರ ಹಲ್ಲು ಸಿಕ್ಕಿಕೊಂಡಿದ್ದು ಕಂಡಿತ್ತು. ಕೇಬಲಿನ ವಿದ್ಯುತ್ತನ್ನು ಮೀನೆಂದು ತಿಳಿದು ಕಚ್ಚಿತೋ ಏನೋ.

ಮನುಷ್ಯರಿಗೆ ಅಪಾಯವೇ?

ಇಲ್ಲ. ಇದಿರುವ ಜಾಗಕ್ಕೆ ಈಜಲು ಯಾರೂ ಹೋಗುವುದಿಲ್ಲ. ಡೈವರ್ ತೋಳನ್ನು ಕಚ್ಚುವ ಒಂದು ವಿಡಿಯೊ ಓಡಾಡುತ್ತದೆ, ಅದು ಬಲೆಯಿಂದ ಬಿಡಿಸಿದ ಎಳೆಯ ಶಾರ್ಕ್ ತನ್ನ ಹತ್ತಿರ ಬಂದ ತೋಳಿಗೆ ಬಾಯಿ ಹಾಕಿದ್ದು.

ಇದನ್ನು ಜೀವಂತ ಪಳೆಯುಳಿಕೆ ಎನ್ನುತ್ತಾರಲ್ಲ, ಸರಿಯೇ?

ಪತ್ರಿಕೆಗಳಿಗೆ ಪ್ರಿಯವಾದ ಮಾತು. ಅರ್ಧ ಸರಿ, ಅರ್ಧ ದಾರಿ ತಪ್ಪಿಸುತ್ತದೆ. ಈ ಕುಟುಂಬದ ಹಳೆಯ ಗುರುತುಗಳು ಸುಮಾರು 12.5 ಕೋಟಿ ವರ್ಷಗಳಷ್ಟು ಹಿಂದಕ್ಕೆ, ಡೈನೋಸಾರ್‌ಗಳಿದ್ದ ಕ್ರಿಟೇಶಿಯಸ್ ಯುಗದ ಮೊದಲರ್ಧಕ್ಕೆ, ಹೋಗುತ್ತವೆ. ಆದರೆ ವಂಶ ಹಳೆಯದೆಂದರೆ ಇಂದಿನ ಮೀನೂ ಹಳೆಯದು ಎಂದಲ್ಲ. ಗದ್ದೆಯ ಪಹಣಿ ಮುತ್ತಜ್ಜನ ಕಾಲದ್ದಿರಬಹುದು, ಉಳುವವನು ಮೊಮ್ಮಗನೇ. ಇಂದಿನ ಗಾಬ್ಲಿನ್ ಶಾರ್ಕ್ ತನ್ನ ನೆಂಟರಿಗಿಂತ ಬೇರೆ ಕಡೆ, ಬೇರೆ ರೀತಿ ಬದುಕುತ್ತಿದೆ. ಅದನ್ನು ನೋಡಬೇಕಾದರೆ ಸ್ಕಾಪನೋರಿಂಕಸ್ ಎಂಬ ಅಳಿದ ನೆಂಟನ ಬಳಿ ಹೋಗಬೇಕು.

ಸ್ಕಾಪನೋರಿಂಕಸ್ ಯಾವುದು?

ಗ್ರೀಕ್ ಮೂಲದ ಹೆಸರು. ಅರ್ಥ ಸನಿಕೆ ಮೂತಿ. ಕ್ರಿಟೇಶಿಯಸ್ ಸಮುದ್ರಗಳಲ್ಲಿ ಬಾಳಿ, 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಅಂತ್ಯದ ಸುಮಾರಿಗೆ ಕಾಣೆಯಾದ ಶಾರ್ಕ್. ಹೆಸರನ್ನು ಕೊಟ್ಟದ್ದು 1889ರಲ್ಲಿ ಲಂಡನ್ನಿನ ಆರ್ಥರ್ ಸ್ಮಿತ್ ವುಡ್‌ವರ್ಡ್. ಗಮನಿಸಿ, ಜೀವಂತ ಮೀನಿಗೆ ಹೆಸರು ಬಂದದ್ದು 1898ರಲ್ಲಿ. ಅಂದರೆ ಸತ್ತ ನೆಂಟನನ್ನು ನಾವು ಬದುಕಿರುವವನಿಗಿಂತ ಮೊದಲೇ ಗುರುತಿಸಿದ್ದೆವು.

ಶಾರ್ಕ್‌ಗಳಿಗೆ ಎಲುಬಿಲ್ಲ. ಇರುವುದು ಮೃದ್ವಸ್ಥಿ, ಅದು ಕೊಳೆತು ಹೋಗುತ್ತದೆ. ಹಾಗಾಗಿ ಅಳಿದ ಶಾರ್ಕ್‌ಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಹಲ್ಲಿನಿಂದಲೇ ಬಂದದ್ದು. ಒಂದು ಶಾರ್ಕ್ ಜೀವಮಾನದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ, ಆದ್ದರಿಂದ ಅದಕ್ಕೆ ಬರವಿಲ್ಲ. ಇಡೀ ಮೈ ಸಿಗುವುದು ಮಾತ್ರ ಅಪರೂಪದಲ್ಲಿ ಅಪರೂಪ.

ಸ್ಕಾಪನೋರಿಂಕಸ್ ವಿಷಯದಲ್ಲಿ ಆ ಅದೃಷ್ಟ ಒಲಿದದ್ದು ಲೆಬನಾನಿನಲ್ಲಿ. ಜೂನಿಯೆ ಪಟ್ಟಣದ ಮೇಲಿನ ಬೆಟ್ಟದ ಸಾಹೆಲ್ ಆಲ್ಮಾ ಎಂಬಲ್ಲಿ ಸುಮಾರು 8.5 ಕೋಟಿ ವರ್ಷ ಹಳೆಯ ನಯವಾದ ಸುಣ್ಣಕಲ್ಲಿದೆ. ಅದರ ಪದರ ಬಿಡಿಸಿದರೆ ಸ್ಕಾಪನೋರಿಂಕಸ್ ಲೂಯಿಸಿಯ ಮೈಯೇ ಅಚ್ಚೊತ್ತಿ ಕಾಣುತ್ತದೆ: ಉದ್ದ ಚಪ್ಪಟೆ ಮೂತಿ, ದುಂಡು ಅಂಚಿನ ರೆಕ್ಕೆ, ನೀಳ ಬಾಲ. ಹಲ್ಲು ನೋಡಿ ಮುಖ ಊಹಿಸುವ ಕಷ್ಟ ಅಲ್ಲಿಲ್ಲ. ಈ ಇಡೀ ಕಥೆಗೆ ಆ ಬೆಟ್ಟವೇ ಆಧಾರಸ್ತಂಭ ಎಂದು ನಾನು ಭಾವಿಸುತ್ತೇನೆ. ಅದಿಲ್ಲದಿದ್ದರೆ ಈ ಹಲ್ಲುಗಳ ಒಡೆಯನಿಗೆ ಸನಿಕೆ ಮೂತಿಯಿತ್ತೆಂದು ಹೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಅಮೆರಿಕದ ಸ್ಕಾಪನೋರಿಂಕಸ್ ಟೆಕ್ಸಾನಸ್ ಇನ್ನೂ ಗಟ್ಟಿ ಆಳು. ಮುಂಭಾಗದ ಹಲ್ಲುಗಳೇ 5 ಸೆಂ.ಮೀ. ಮುಟ್ಟುತ್ತವೆ. ಟೆಕ್ಸಾಸ್, ಅಲಬಾಮಾ, ಮಿಸಿಸಿಪ್ಪಿ, ನ್ಯೂಜೆರ್ಸಿಗಳಲ್ಲಿ ಅವು ಧಾರಾಳ ಸಿಗುತ್ತವೆ. ಆ ಕಾಲದಲ್ಲಿ ಉತ್ತರ ಅಮೆರಿಕವನ್ನು ನಡುವೆ ಸೀಳಿ ಒಂದು ಸಮುದ್ರ ಹರಿದಿತ್ತು, ಪೂರ್ವ ಕರಾವಳಿಯ ತಗ್ಗು ನೆಲವೂ ನೀರಿನಡಿಯಿತ್ತು. ಮೊಸಸಾರ್ ಎಂಬ ದೈತ್ಯ ಹಲ್ಲಿಗಳು ಓಡಾಡುತ್ತಿದ್ದ ಆ ನೀರು ಆಳವಾದದ್ದಲ್ಲ, ದಡಕ್ಕೆ ಹತ್ತಿರದ್ದು. ಇಂದಿನ ಗಾಬ್ಲಿನ್ ಶಾರ್ಕ್‌ಗೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಒಂದು ಕತ್ತಲ ಆಳದ ಜೀವಿ, ಇನ್ನೊಂದು ಬೆಳಕು ಬೀಳುವ ನೀರಿನಲ್ಲೂ ಬೇಟೆಯಾಡುತ್ತಿದ್ದದ್ದು.

ಎರಡೂ ಒಂದೇ ಮೀನು ಎಂದು ಓದಿದ್ದೆ. ಹೌದೇ?

ಒಂದು ಕಾಲದಲ್ಲಿ ಹಾಗೆ ಬರೆದವರಿದ್ದರು. ಜೋರ್ಡನ್ ಮೀನು ಹೊರಬಂದ ಸ್ವಲ್ಪ ಕಾಲದಲ್ಲೇ ವುಡ್‌ವರ್ಡ್ ಸೇರಿದಂತೆ ಕೆಲವರು ಇದು ಸ್ಕಾಪನೋರಿಂಕಸ್ಸೇ ಎಂದು ವಾದಿಸಿದರು. ಹಳೆಯ ಪುಸ್ತಕಗಳಲ್ಲಿ ಸ್ಕಾಪನೋರಿಂಕಸ್ ಔಸ್ಟೋನಿ ಎಂಬ ಹೆಸರು ಕಂಡರೆ ಕಾರಣ ಅದೇ. ಮುಂದೆ ಮೈಯಚ್ಚುಗಳನ್ನು ಸೂಕ್ಷ್ಮವಾಗಿ ಹೋಲಿಸಿದಾಗ ದೇಹರಚನೆಯಲ್ಲಿ ಹಲವು ಭೇದಗಳು ಕಂಡವು, ಎರಡನ್ನೂ ಬೇರೆ ಬೇರೆ ಕುಲಗಳಾಗಿಯೇ ಉಳಿಸಲಾಯಿತು. ಒಂದೇ ಮನೆತನ, ಬೇರೆ ಬೇರೆ ಒಲೆ.

ಬೇರೆ ನೆಂಟರು ಯಾರಿದ್ದರು?

ಅನೋಮೊಟೊಡಾನ್ ಎಂಬ ಕುಲ ಕ್ರಿಟೇಶಿಯಸ್‌ನಲ್ಲೂ ಇತ್ತು, ಡೈನೋಸಾರ್‌ಗಳು ಹೋದ ಮೇಲೆ ಈಯೋಸೀನ್ ಕಾಲದವರೆಗೂ ಬಂತು. ಅದನ್ನು ಬಲ್ಲೆವಾದರೆ ಹಲ್ಲಿನಿಂದಲೇ. ಇಂದಿನ ಮೀನಿನ ಕುಲವಾದ ಮಿತ್ಸುಕುರಿನಾದಲ್ಲೇ ಅಳಿದ ಅಣ್ಣತಮ್ಮಂದಿರಿದ್ದಾರೆ. ದಕ್ಷಿಣ ಆಸ್ಟ್ರೇಲಿಯಾದ ಮ್ಯಾಸ್ಲಿನ್ ಕೊಲ್ಲಿಯ ಹೆಸರು ಹೊತ್ತ ಮಿತ್ಸುಕುರಿನಾ ಮ್ಯಾಸ್ಲಿನೆನ್ಸಿಸ್, ಮತ್ತು ಯುರೋಪಿನ, ಈಯೋಸೀನ್‌ಗಿಂತ ಈಚಿನ ಮಯೋಸೀನ್ ಕಾಲದ ಪದರಗಳ ಮಿತ್ಸುಕುರಿನಾ ಲಿನಿಯಾಟಾ.

ಸ್ಕಾಪನೋರಿಂಕಸ್ ಹೋಯಿತು, ಗಾಬ್ಲಿನ್ ಉಳಿಯಿತು. ಯಾಕೆ?

ಕ್ರಿಟೇಶಿಯಸ್ ಕೊನೆಯಲ್ಲಿ ಆಕಾಶಕಾಯ ಅಪ್ಪಳಿಸಿ ಸೂರ್ಯನ ಬೆಳಕು ಮಂಕಾದಾಗ ಮೊದಲು ಪೆಟ್ಟು ತಿಂದದ್ದು ಮೇಲ್ಭಾಗದ ನೀರು. ಅಲ್ಲಿನ ಸೂಕ್ಷ್ಮ ಸಸ್ಯಗಳು ಕುಸಿದವು, ಅವನ್ನು ನಂಬಿದ ಸರಪಳಿ ಕಡಿಯಿತು. ದಡದ ಸಮುದ್ರದ ಬೇಟೆಗಾರನಿಗೆ ಅದು ಬಲವಾದ ಹೊಡೆತ. ಕಡಿಮೆ ಊಟದಲ್ಲಿ, ತಣ್ಣನೆಯ ಆಳದಲ್ಲಿ, ನಿಧಾನವಾಗಿ ಬದುಕಬಲ್ಲ ಕವಲಿಗೆ ಉಳಿಯುವ ಅವಕಾಶ ಹೆಚ್ಚು ಎಂಬುದು ನನ್ನ ಮನಸ್ಸಿಗೆ ಒಪ್ಪುವ ವಿವರಣೆ. ಹಲ್ಲುಗಳಷ್ಟನ್ನೇ ನೋಡಿ ಇದನ್ನು ತೀರ್ಪಿನಂತೆ ಹೇಳಲಾಗದು.

ಮೆಗಲೊಡಾನ್ ಎಂಬ ಅಳಿದ ದೈತ್ಯ ಶಾರ್ಕ್ ಇದರ ಪೂರ್ವಜವೇ?

ಅಲ್ಲ. ಗಣ ಒಂದೇ, ಕುಟುಂಬ ಬೇರೆ. ಮೆಗಲೊಡಾನ್ ಬಂದದ್ದೂ ತೀರಾ ಈಚೆಗೆ, ಅಳಿದದ್ದು ಸುಮಾರು 36 ಲಕ್ಷ ವರ್ಷಗಳ ಹಿಂದೆ.

ಗ್ರೀಸ್‌ನಲ್ಲಿ ಸಿಕ್ಕಿತು ಎಂದದ್ದು ಏನಾಯಿತು?

2020ರಲ್ಲಿ ಗ್ರೀಸ್‌ನ ಅನಾಫಿ ದ್ವೀಪದ ದಡದಲ್ಲಿ ತೆಗೆದದ್ದೆಂಬ ಒಂದು ಫೋಟೋ ಆಧರಿಸಿ, ಮೆಡಿಟರೇನಿಯನ್‌ನಲ್ಲಿ ಗಾಬ್ಲಿನ್ ಶಾರ್ಕ್ ಮೊದಲ ಬಾರಿ ಕಂಡಿದೆ ಎಂದು 2022ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೀನು ಕೈಗೆ ಸಿಕ್ಕಿರಲಿಲ್ಲ, ಬರೀ ಚಿತ್ರ. ಬೇರೆ ತಜ್ಞರು ನೋಡಿ ಕಿವಿರಿನ ಸೀಳು, ಬಾಲ, ರೆಕ್ಕೆ ಯಾವುದೂ ಹೊಂದುವುದಿಲ್ಲ, ಇದು ಪ್ಲಾಸ್ಟಿಕ್ ಆಟಿಕೆಯಂತಿದೆ ಎಂದರು. 2023ರಲ್ಲಿ ಲೇಖಕರು ವರದಿಯನ್ನು ಹಿಂಪಡೆದರು. ಇದನ್ನು ವಿಜ್ಞಾನಕ್ಕೆ ಅವಮಾನ ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ರಶ್ನೆ ಬಂತು, ಪರೀಕ್ಷೆಯಾಯಿತು, ತಪ್ಪನ್ನು ಬಹಿರಂಗವಾಗಿ ತಿದ್ದಲಾಯಿತು.

ನಮ್ಮ ಕರ್ನಾಟಕದಲ್ಲಿ ಈ ಪಳೆಯುಳಿಕೆ ಸಿಗಬಹುದೇ?

ನಮ್ಮ ನೆಲ ಇದಕ್ಕೆ ತೀರ ಹಳೆಯದು. ದಕ್ಷಿಣ ಕರ್ನಾಟಕದ ಕಲ್ಲುಬಂಡೆಗಳಲ್ಲಿ ಹೆಚ್ಚಿನವು 250 ಕೋಟಿ ವರ್ಷ ದಾಟಿದವು, ಶಾರ್ಕ್ ಇರಲಿ, ಮೀನೆಂಬುದೇ ಹುಟ್ಟಿರದ ಕಾಲದ್ದು. ಉತ್ತರದ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಕಲ್ಲಿನ ಕಥೆ ಬೇರೆ. ಅದು ದಖನ್ ಲಾವಾ. ಅದು ಉಕ್ಕಿ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಸ್ಕಾಪನೋರಿಂಕಸ್ ಕಣ್ಮರೆಯಾದ ಹೊತ್ತಿನಲ್ಲೇ. ಬಿಳಿಜೋಳ ಬೆಳೆಯುವ ಎರೆಮಣ್ಣು ಆ ಕಲ್ಲು ಕರಗಿ ಆದದ್ದು. ಶಾರ್ಕ್ ಹಲ್ಲೇ ನೋಡಬೇಕೆಂದರೆ ಪಕ್ಕದ ತಮಿಳುನಾಡಿನ ಅರಿಯಲೂರು, ತಿರುಚ್ಚಿ ಸುತ್ತಿನ ಕ್ರಿಟೇಶಿಯಸ್ ಸಮುದ್ರದ ಪದರಗಳಿವೆ, ಅಲ್ಲಿಂದ ಹಲವು ಬಗೆಯ ಶಾರ್ಕ್‌ಗಳು ದಾಖಲಾಗಿವೆ.

ಇನ್ನು ಮಲ್ಪೆ, ಮಂಗಳೂರಿನ ಮಾರುಕಟ್ಟೆಯಲ್ಲಿ ಕಾಣುವ ತಾಟೆ ಮೀನು ದಡದ ಹತ್ತಿರದ ಬೇರೆ ಶಾರ್ಕ್‌ಗಳದ್ದು. ಮೂತಿ ಚೂಪಿದೆ ಎಂದು ಗಾಬ್ಲಿನ್ ಎಂದುಕೊಳ್ಳಬೇಡಿ.

ಮರಿ ಹಾಕುತ್ತದೆಯೇ, ಮೊಟ್ಟೆಯೇ?

ತನ್ನ ಗಣದ ಇತರರಂತೆ ಮರಿ ಹಾಕುತ್ತದೆ. ಆದರೆ ಬಹುಕಾಲ ವಿಜ್ಞಾನಿಗಳ ಕಣ್ಣಿಗೆ ಬಸಿರಾದ ಒಂದು ಹೆಣ್ಣೂ ಬಿದ್ದಿರಲಿಲ್ಲ. 2023ರ ಜೂನ್‌ನಲ್ಲಿ ತೈವಾನಿನ ಟ್ರಾಲರ್ ಬಲೆಯಲ್ಲಿ 4.7 ಮೀಟರ್ ಉದ್ದದ ಹೆಣ್ಣೊಂದು ಬಂತು, ಹೊಟ್ಟೆಯಲ್ಲಿ ಆರು ಮರಿಗಳಿದ್ದವು. ನಮ್ಮ ತಿಳಿವಳಿಕೆಗೆ ಅದು ದೊಡ್ಡ ಲಾಭ. ಆ ತಾಯಿಗೂ ಮರಿಗಳಿಗೂ ಏನಾಯಿತೆಂದು ನೆನೆದರೆ ಲಾಭ ಎಂಬ ಮಾತು ಗಂಟಲಲ್ಲಿ ಸಿಕ್ಕುತ್ತದೆ.

ಅಕ್ವೇರಿಯಮ್‌ನಲ್ಲಿ ನೋಡಬಹುದೇ?

ಸಾಧ್ಯವಿಲ್ಲ. 2007ರಲ್ಲಿ ಟೋಕಿಯೋದ ಅಕ್ವೇರಿಯಮ್ ಒಂದರಲ್ಲಿ ಇಟ್ಟದ್ದು ಎರಡು ದಿನ ಬದುಕಿತು. ಹಿಂದೊಮ್ಮೆ ತೊಕಾಯ್ ವಿಶ್ವವಿದ್ಯಾಲಯದಲ್ಲಿ ಒಂದು ವಾರ. ಮತ್ತೆ ಪ್ರಯತ್ನಿಸದಿರುವುದೇ ಒಳ್ಳೆಯದು.

ಅಳಿವಿನ ಅಂಚಿನಲ್ಲಿದೆಯೇ?

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಪಟ್ಟಿಯಲ್ಲಿ ಇದು ಕಡಿಮೆ ಆತಂಕದ ವರ್ಗದಲ್ಲಿದೆ. ಹರಡಿರುವ ಪ್ರದೇಶ ವಿಶಾಲ, ಇದನ್ನೇ ಗುರಿಯಾಗಿಟ್ಟು ಹಿಡಿಯುವವರೂ ಇಲ್ಲ. ಆದರೂ ಆಳದ ಬಲೆಗಳಿಗೆ ಬೀಳುತ್ತಲೇ ಇರುತ್ತದೆ. 2003ರಲ್ಲಿ ತೈವಾನಿನ ವಾಯವ್ಯ ತೀರದಲ್ಲಿ ನೂರಕ್ಕೂ ಹೆಚ್ಚು ಸಿಕ್ಕಿದ್ದವು.

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಕ್ಕಳ ಜೊತೆ ಈ ಹಲ್ಲು ಹುಡುಕಬಹುದೇ?

ಖಂಡಿತ. ಅಲ್ಲಿರುವ ಕನ್ನಡಿಗರಿಗೆ ಇದೊಂದು ಭಾಗ್ಯ. ಮನ್ಮತ್ ಕೌಂಟಿಯ ಬಿಗ್ ಬ್ರೂಕ್, ರಾಮನೆಸಿನ್ ಹಳ್ಳಗಳು ಕ್ರಿಟೇಶಿಯಸ್ ಕೊನೆಯ ಭಾಗದ ಮಣ್ಣನ್ನು ಕೊರೆದು ಹರಿಯುತ್ತವೆ. ಹೊರಡುವ ಮುನ್ನ ಎಷ್ಟು ಆಯ್ದುಕೊಳ್ಳಬಹುದು, ಯಾವ ಸಲಕರಣೆ ಒಯ್ಯಬಹುದು ಎಂಬ ಸ್ಥಳೀಯ ನಿಯಮ ನೋಡಿಕೊಳ್ಳಿ. ದಂಡೆ ಅಗೆಯಬೇಡಿ, ಅದು ಕುಸಿಯುತ್ತದೆ, ಹಳ್ಳವೂ ಕೆಡುತ್ತದೆ. ಮಳೆ ನಿಂತು ನೀರು ಇಳಿದ ಮೇಲೆ ಹೋಗಿ, ಹಳ್ಳದ ನಡುವಿನ ಗರಸು ತೆಗೆದು ಜರಡಿ ಹಿಡಿಯಿರಿ.

ತ್ರಿಕೋನವಾಗಿ ಬಾಗಿ, ಅಂಚಿನಲ್ಲಿ ಗರಗಸದಂತೆ ಕಚ್ಚುಗಳಿದ್ದರೆ ಅದು ಸ್ಕ್ವಾಲಿಕೊರಾಕ್ಸ್, ಕಾಗೆ ಶಾರ್ಕ್ ಎನ್ನುವುದು. ದಬ್ಬಣದ ಹಾಗೆ ಸಪೂರ, ಉದ್ದ, ಬುಡ ಕವಲೊಡೆದಿದ್ದರೆ ಕೈಯಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ತಿರುಗಿಸಿ. ನಾಲಿಗೆ ಕಡೆಯ ಮುಖದ ಮೇಲೆ ಬುಡದಿಂದ ತುದಿಯತ್ತ ಕೂದಲೆಳೆಯಂಥ ಗೆರೆಗಳು ಎದ್ದು ಕಂಡರೆ ಅದು ಸ್ಕಾಪನೋರಿಂಕಸ್ ಟೆಕ್ಸಾನಸ್ ಇರುವ ಸಾಧ್ಯತೆ ಹೆಚ್ಚು. ಸಿಕ್ಕ ಹಳ್ಳದ ಹೆಸರು, ತಾರೀಖು ಬರೆದ ಚೀಟಿಯನ್ನು ಹಲ್ಲಿನ ಜೊತೆಗೇ ಡಬ್ಬಿಯಲ್ಲಿ ಹಾಕಿಡಿ. ಚೀಟಿ ಕಳೆದರೆ ಹಲ್ಲಿನ ಅರ್ಧ ಕಥೆಯೂ ಕಳೆದಂತೆ.